ಜಲಜಕ್ಕ ಓದಿ ಹೇಳುವ ಬ್ಲಾಗು

ಕೆಟ್ಟ ಸುದ್ದಿ ಹೇಳಲು ಹೋಗುವಾಗ ಕೈಯಲ್ಲಿ ಲಾಡು ಇರಬೇಕು ಎಂಬುದು ಮ್ಯಾನೇಜರ್ ಪ್ರೇಮಾನಂದರ ನಂಬಿಕೆ. ಹಾಗಾಗಿ 2009ರ ನವರಾತ್ರಿಯ ಒಂದು ದಿನ ಅವರು ಕುಂದಾಪುರದಲ್ಲಿ ದೊಡ್ಡದೊಂದು ಲಾಡಿನ ಪೊಟ್ಟಣ ಕಟ್ಟಿಸಿ, ಸ್ಕೂಟರಿಗೆ ತೂಗುಹಾಕಿಕೊಂಡು, ತಮ್ಮ ಗೇರುಬೀಜ ಕಾರ್ಖಾನೆಯ ಸಿದ್ದಾಪುರ ಶಾಖೆಗೆ ಹೊರಟರು. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿದರು: "ದೀಪಾವಳಿಗೆ ಈ ಶಾಖೆ ಮುಚ್ಚುತ್ತೇವೆ. ಇನ್ನು ನೀವೆಲ್ಲ ಬಸ್ಸು ಹಿಡಿದು ಕುಂದಾಪುರಕ್ಕೇ ಬರಬೇಕು. ಬೇಸರ ಮಾಡಬೇಡಿ, ಲಾಡು ತಗೊಳ್ಳಿ."

ಹೋಗಿ ನೋಡಿದರೆ ಗೇಟಿಗೆ ಬೀಗ.

ಹಾರ್ನ್ ಹೊಡೆದರು. ಗೇಟು ಅಲ್ಲಾಡಿಸಿದರು. ಒಂದು ನಾಯಿ ಬಂದು ಪೊಟ್ಟಣವನ್ನು ಮೂಸಿತು. ಕೊನೆಗೆ ಎದುರಿನ ಬೀಡಾ ಅಂಗಡಿಯ ಸೂರ ತಲೆ ಹೊರಗೆ ಹಾಕಿದ.

"ಹ್ವಾಯ್ ಮ್ಯಾನೇಜರ್ರೇ, ಬ್ಲಾಗ್ ಕಾಣ್ಲಿಲ್ಯಾ? ಇವತ್ ಊರಲ್ಲಿ ಹೊಸ್ತ್. ಎಲ್ರ್ ಮನಿಯಗೂ ಹೊಸ ಅಕ್ಕಿ ಊಟ. ರಜೆ ಅಂದೇಳಿ ಜಲಜಕ್ಕ ಮೊನ್ನೆಯೇ ಹಾಕಿರಲೆ!"

ಬ್ಲಾಗು ಶುರುಮಾಡಿದವರೇ ಪ್ರೇಮಾನಂದರು. ಅದನ್ನು ನೋಡಲಿಲ್ಲವೇ ಎಂದು ಅವರನ್ನು ಕೇಳಿದವನು, ಕಂಪ್ಯೂಟರ್ ಮುಟ್ಟದ ಬೀಡಾ ಅಂಗಡಿಯವನು.

"ನಿಂಗೆ ಹ್ಯಾಂಗ್ ಗೊತ್ತಾಯ್ತ್?"

"ಜಲಜಕ್ಕ ಓದುದ್ ಇಲ್ಲಿಗ್ ಕೇಂತಲೆ ಮಾರಾಯ್ರೆ."

ಅದು ನಿಜ, ಆಕೆಯ ದನಿ ರಸ್ತೆ ದಾಟಿ ಕೇಳುತ್ತಿತ್ತು. ಹಟ್ಟಿಯಂಗಡಿಯಲ್ಲಿ ಹುಟ್ಟಿದ ಜಲಜಕ್ಕ ಸಿದ್ದಾಪುರಕ್ಕೆ ಸೊಸೆಯಾಗಿ ಬಂದಾಗ ತುಂಬ ಮೆತ್ತಗಿನ ಹುಡುಗಿಯಂತೆ. ಆದರೆ ಅತ್ತೆಗೆ ಕಿವಿ ಮಂದ. ವರ್ಷದೊಳಗೆ ಸೊಸೆ ಮೆಲ್ಲಗೆ ಮಾತಾಡುವುದನ್ನೇ ಮರೆತಳು. 1997ರಲ್ಲಿ ಬೀಜ ಸುಲಿಯುವ ಕೆಲಸಕ್ಕೆ ಸೇರಿದಳು. ಶಾಖೆಯ ಲೆಕ್ಕ ಬರೆಯುವ ರೈಟರ್ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ ಮೇಲೆ, ಎಸ್ಸೆಸ್ಸೆಲ್ಸಿ ಪಾಸಾದವಳು ಇವಳೊಬ್ಬಳೇ ಎಂದು ಅವನ ಕುರ್ಚಿ ಇವಳಿಗೆ ಬಂತು. ಕುರ್ಚಿಯ ಜೊತೆ 'ಅಕ್ಕ'ನೂ ಬಂತು. ಮುಂದೆ ಕಂಪ್ಯೂಟರೂ ಬಂತು.

ಬ್ಲಾಗು ಬರುವ ಮೊದಲು ಕುಂದಾಪುರಕ್ಕೂ ಸಿದ್ದಾಪುರಕ್ಕೂ ಸುದ್ದಿ ಒಯ್ಯುತ್ತಿದ್ದವನು ಟೆಂಪೊ ಡ್ರೈವರ್ ದೇವು. ಉಳಿದದ್ದಕ್ಕೆ ಫೋನು. ಅದೂ ಸಾಲದೆಂದು ಪ್ರೇಮಾನಂದರೇ ಆಗಾಗ ಸ್ಕೂಟರಿನಲ್ಲಿ ಬಂದು ಭಾಷಣ ಮಾಡಿ ಹೋಗುತ್ತಿದ್ದರು. "ನಾ ಹೇಳಿದ್ದೆ", "ನಂಗ್ ಯಾರೂ ಹೇಳ್ಲಿಲ್ಲ" ಎನ್ನುವ ಜಗಳದಿಂದಲೇ ಆಫೀಸಿನ ಬೆಳಗು. ಮಂಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದ ಪ್ರೇಮಾನಂದರು, ಎಲ್ಲರೂ ಬರೆಯಬಹುದಾದ, ಎಲ್ಲರಿಗೂ ಕಾಣುವ ಬ್ಲಾಗು ಮಾಡಿಸಿದರು. 'ಸಂಸ್ಥೆಯ ಏಳಿಗೆಯಲ್ಲಿ ಸಂವಹನದ ಪಾತ್ರ' ಎಂಬ ಉದ್ದನೆಯ ಲೇಖನವನ್ನು ತಾವೇ ಮೊದಲು ಹಾಕಿ, ಪ್ರಿಂಟು ತೆಗೆದು ಹೆಂಡತಿಗೂ ತೋರಿಸಿದರು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಬರೆಯುವವರ ಜಾತಿಯೇ ಹಾಗೆ. ತಾವು ಬರೆದದ್ದನ್ನು ಲೋಕ ಓದಬೇಕು, ಲೋಕ ಬರೆದದ್ದಕ್ಕೆ ಪುರುಸೊತ್ತಿಲ್ಲ.

ಜಲಜಕ್ಕ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದಿನಾ ಚಹಾದ ಹೊತ್ತಿಗೆ ಬ್ಲಾಗಿನಲ್ಲಿದ್ದದ್ದನ್ನೆಲ್ಲ ಸುಲಿಯುವ ಹೆಂಗಸರಿಗೆ ಓದಿ ಹೇಳುವಳು. ಅವರು ಹೇಳಿದ್ದನ್ನು ಅವರವರ ಹೆಸರು ಹಾಕಿ, ಅವರದೇ ಮಾತಿನಲ್ಲಿ, ಕೆಳಗೆ ಟೈಪು ಮಾಡುವಳು.

ಸೂರನಿಗೊಂದು ಲಾಡು ಕೊಟ್ಟು, ಉಳಿದದ್ದರ ಜೊತೆ ಪ್ರೇಮಾನಂದರು ಸಿಟ್ಟಿನಿಂದ ಕುಂದಾಪುರಕ್ಕೆ ಮರಳಿದರು. ಬಯ್ದು ಬರೆಯಬೇಕೆಂದು ಬ್ಲಾಗು ತೆರೆದರು. ರಜೆಯ ಸೂಚನೆ ಇತ್ತು. ಬದಲಿಗೆ ಭಾನುವಾರ ಕೆಲಸಕ್ಕೆ ಬರುತ್ತೇವೆ ಎಂದೂ ಇತ್ತು. ಅದರ ಕೆಳಗೆ ಕಾರ್ಖಾನೆಯ ಧನಿ, ಮುಂಬಯಿಯಲ್ಲಿರುವ ರಾಜೇಂದ್ರರ ಪ್ರಶ್ನೆ: "ರಜೆ ಮಾಡಿ. ಆದ್ರೆ ಸಿದ್ದಾಪುರದ ಮಾಲ್ ದಿನಾ ತಡ ಯಾಕೆ?"

ಪ್ರೇಮಾನಂದರಿಗೆ ಖುಷಿಯಾಯಿತು. ಈ ಪ್ರಶ್ನೆಗೆ ಉತ್ತರವನ್ನು ಅವರು ಧನಿಗಳಿಗೆ ಫೋನಿನಲ್ಲಿ ಎಂದೋ ಕೊಟ್ಟಾಗಿತ್ತು: ಸಿದ್ದಾಪುರದವರು ಸೋಂಬೇರಿಗಳು. ಶಾಖೆ ಮುಚ್ಚುವ ತೀರ್ಮಾನ ಆದದ್ದೇ ಅದರ ಮೇಲೆ. ಕೆಳಗೆ ಓದಿದರು.

"ಸುಂದರಿ ಹೇಳಿಸಿದ್: ನಾವ್ ಎಂಟ್ ಗಂಟಿಗೇ ಬಂದ್ ಕೂಕಂತ್. ಬೀಜ ಬಪ್ಪತಿಗೆ ಹನ್ನೊಂದ್. ಅಲ್ಲಿವರಿಗೆ ಎಂತ ಸುಲಿಯುದ್, ನಮ್ ತಲಿಯಾ?"

"ದೇವು: ಟೆಂಪೊ ಬೆಳಿಗ್ಗೆಯೇ ಕುಂದಾಪುರದ ಗೋಡೌನ್ ಎದ್ರ್ ನಿಂತಿರತ್ತ್. ಬಾಗ್ಲ್ ತೆಗೂದೇ ಹತ್ತಕ್ಕೆ."

"ಗೋಡೌನ್ ರವಿರಾಜ್: ಬಾಗ್ಲ್ ತೆಗೂಕೆ ಕೀ ಬೇಕಲೆ? ಕೀ ಮ್ಯಾನೇಜರ್ರ್ ಕಿಸಿಯಗೆ."

ಕೊನೆಗೆ ಮತ್ತೆ ಧನಿಗಳು: "ಪ್ರೇಮಾನಂದ, ಕೀ?"

ಪ್ರೇಮಾನಂದರ ಕೈ ತಾನಾಗಿ ಪ್ಯಾಂಟಿನ ಕಿಸೆಗೆ ಹೋಯಿತು. ಕೀ ಅಲ್ಲೇ ಇತ್ತು. ಸ್ನಾನ, ಪೂಜೆ, ದೋಸೆ, ಪೇಪರು ಎಲ್ಲ ಮುಗಿಸಿ ಅವರು ಆಫೀಸು ತಲುಪುವವರೆಗೂ ದಿನಾ ಅಲ್ಲೇ ಇರುತ್ತಿತ್ತು. ಇದರಲ್ಲಿ ಯಾರೂ ಚಾಡಿ ಹೇಳಿರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ತುಂಡು ಮಾತ್ರ ಗೊತ್ತಿತ್ತು. ಫೋನಿನಲ್ಲಾದರೆ ಆ ತುಂಡು ಒಬ್ಬರ ಕಿವಿಗೆ ಹೋಗಿ ಅಲ್ಲೇ ಆರಿಹೋಗುತ್ತಿತ್ತು. ಇಲ್ಲಿ ಒಂದರ ಕೆಳಗೊಂದು ಬಂದು ಕೂತಿದ್ದವು.

ಅಳಿಸಿಬಿಡೋಣವೇ ಎಂದು ಮೌಸು ಒಮ್ಮೆ ಮೇಲಕ್ಕೆ ಹೋಯಿತು. ಆದರೆ ಜಲಜಕ್ಕ ಆಗಲೇ ಇದನ್ನು ಓದಿಯಾಗಿರಬೇಕು. ಬ್ಲಾಗಿನಿಂದ ಅಳಿಸಬಹುದು, ಸಿದ್ದಾಪುರದ ಪೇಟೆಯಿಂದ ಅಳಿಸುವುದು ಹೇಗೆ?

ಅವರು ಟೈಪು ಮಾಡಿದರು: "ಕೀ ಇವತ್ತಿನಿಂದ ರವಿರಾಜನ ಹತ್ತಿರ." ಅವರು ಜೀವಮಾನದಲ್ಲಿ ಬರೆದದ್ದರಲ್ಲಿ ಅತಿ ಚಿಕ್ಕದು, ಉಪಯೋಗಕ್ಕೆ ಬಂದದ್ದೂ ಅದೊಂದೇ. ಮರುದಿನ ಅದರ ಕೆಳಗೊಂದು ಸಾಲು: "ಸುಂದರಿ ಹೇಳಿಸಿದ್: ಲಾಡ್ ಎಲ್ಲಿ? ಸೂರ ಹೇಳ್ದ."

ಬೀಜ ಎಂಟಕ್ಕೆ ಬರತೊಡಗಿತು, ಸುಲಿದದ್ದು ಸಂಜೆಯ ಟೆಂಪೊದಲ್ಲಿ ಹೋಗತೊಡಗಿತು. ದೀಪಾವಳಿ ಕಳೆದರೂ ಶಾಖೆ ಮುಚ್ಚಲಿಲ್ಲ. ಡಿಸೆಂಬರಿನಲ್ಲಿ ಮುಂಬಯಿಯಿಂದ ಬಂದ ರಾಜೇಂದ್ರರು ಚಹಾದ ಹೊತ್ತಿಗೆ ಹೆಂಗಸರ ನಡುವೆ ಕುಳಿತು, ಶಾಖೆ ಇಲ್ಲೇ ಇರುತ್ತದೆ ಎಂದರು. ಪ್ರೇಮಾನಂದರು ಪಕ್ಕದಲ್ಲಿ ಹೊಸ ಲಾಡು ಹಿಡಿದು ನಿಂತಿದ್ದರು. ಬ್ಲಾಗು ತಮ್ಮದೇ ಯೋಚನೆ ಎಂಬುದು ಈಗಲಾದರೂ ಮಾತಿಗೆ ಬರುತ್ತದೆಂದು ಕಾಲರು ಸರಿಮಾಡಿಕೊಂಡರು.

"ಜಲಜಕ್ಕ," ರಾಜೇಂದ್ರರು ಕೇಳಿದರು, "ಈ ಬ್ಲಾಗ್ ಬಂದದ್ರಿಂದ ನಿಮ್ಗೆಲ್ಲ ಆದ ದೊಡ್ಡ ಉಪಕಾರ ಎಂತದ್?"

ಜಲಜಕ್ಕ ಚಹಾದ ಲೋಟದಿಂದ ತಲೆಯೆತ್ತದೆ, ಎದುರಿನ ಬೀಡಾ ಅಂಗಡಿಗೂ ಕೇಳುವಂತೆ ಹೇಳಿದಳು:

"ಮ್ಯಾನೇಜರ್ರ್ ಇಲ್ಲಿಗ್ ಬಪ್ಪುದ್ ಕಮ್ಮಿ ಆಯ್ತ್."