ಬಾಗಿಲ ಮ್ಯಾಲಿನ ರಾಕ್ಷಸ

ನಾನು ಗೌಂಡಿ. ಮುಂಡರಗಿಯಾಗ ಒಂದು ಹೊಸ ಮನಿಗೆ ಗಿಲಾವ ಮುಗಿಸಿದ ಮ್ಯಾಲೆ ಮಾಲಕರು, "ಬಾಗಿಲ ಮ್ಯಾಲೆ ಸಿಮೆಂಟಿನ್ಯಾಗ ಒಂದು ರಾಕ್ಷಸನ ಮಾರಿ ಮಾಡು. ದೃಷ್ಟಿ ತಾಗಬಾರದು. ನೋಡಿದವ್ರ ಎದಿ ಝಲ್ ಅನ್ನಬೇಕು" ಅಂದ್ರು.

ಅವರ ತಾಯಿ, ನಾವೆಲ್ಲಾ ಆಯಿ ಅಂತಿದ್ವಿ, ಕೆಳಗ ಕುರ್ಚಿ ಹಾಕ್ಕೊಂಡು ಕುಂತು ಇಡೀ ದಿನ ನನ್ನ ಬೈದ್ರು. "ಹುಬ್ಬು ಸೊಟ್ಟ ಆತು! ಎಷ್ಟು ಸಲ ಚಹಾ ಕುಡೀತಿ?" ನಾನು ಅವರನ್ನ ನೋಡ್ಕೋಂತ, ಕರಣಿ ಆಡಿಸ್ಕೋಂತ ಹೋದೆ.

ಸಂಜಿಗೆ ಏಣಿ ಇಳಿದು ನೋಡಿದ್ರ ನನ್ನ ಎದಿನ ಝಲ್ ಅಂತು. ಮೀಸಿ, ಕೋರಿಹಲ್ಲು ಬಿಟ್ರ ಮ್ಯಾಲೆ ಇದ್ದದ್ದು ಥೇಟ್ ಆಯಿ! ಮಾಲಕರು ಟಾವೆಲ್ ಬಾಯಿಗೆ ತುರುಕ್ಕೊಂಡು ಹಿತ್ತಲಕ್ಕ ಓಡಿದ್ರು.

ಆಯಿ ಚಾಳೀಸು ಒರಸ್ಕೊಂಡು ಬಾಳ ಹೊತ್ತು ನೋಡಿದ್ರು. "ಖರೆ ಹೇಳು, ನನ್ನ ನೋಡೇ ಮಾಡೀಯಲ್ಲ?"

ಸುಳ್ಳು ಹೇಳಾಕ ಧೈರ್ಯ ಸಾಲಲಿಲ್ಲ. "ಹೌದ್ರಿ ಆಯಿ."

"ಮತ್ತ ನನ್ನ ಮೂಗಬಟ್ಟು ಎಲ್ಲಿ?"

ತಿರುಗಿ ಏಣಿ ಹತ್ತಿ, ಮೀಸಿ ಮ್ಯಾಲೆ ಮೂಗಬಟ್ಟು ಇಟ್ಟು ಇಳಿದೆ.

ಈಗ ಆಯಿ ದಿನಾ ಅದರ ಕೆಳಗ ಕುರ್ಚಿ ಹಾಕ್ಕೊಂಡು ಕುಂಡ್ರತಾರ. ಕೆಟ್ಟ ದೃಷ್ಟಿ ಮ್ಯಾಲಿನವರ ಕೈಯಾಗಿಂದ ತಪ್ಪಿಸ್ಕೊಂಡ್ರೂ ಕೆಳಗಿನವರು ಬಿಡಂಗಿಲ್ಲ.