ನೀಲಿ ಕಣ್ಣಿನ ಸಾಕ್ಷಿ

ನಮ್ಮ ಅಡುಗೆಮನೆಯಲ್ಲಿ ಈಚೆಗೆ ಒಬ್ಬಾಕೆ ಓಡಾಡಿಕೊಂಡಿದ್ದಾಳೆ. ಮೈ ಕಪ್ಪು, ಕಣ್ಣು ನೀಲಿ. ಕೂತಲ್ಲೇ ಪುಟ್ಟ ಹೊಟ್ಟೆಯನ್ನು ಬಾವುಟದ ಹಾಗೆ ಮೇಲೆ ಕೆಳಗೆ ಆಡಿಸುತ್ತಿರುತ್ತಾಳೆ.

ಮಗಳು ಫೋಟೊ ತೆಗೆದು ಫೋನಿನಲ್ಲಿ ಹುಡುಕಿದಳು. "ಮಮ್ಮಿ, ಇದು ಇವೇನಿಯಾ. ಕಣಜದ ಹುಳ. ಜಿರಳೆಯ ಮೊಟ್ಟಿಚೀಲದಾಗ ತನ್ನ ಮೊಟ್ಟಿ ಇಡ್ತೈತಿ. ಮರಿ ಹುಟ್ಟಿ ಒಳಗಿನ ಮೊಟ್ಟಿ ಎಲ್ಲಾ ತಿಂದು ಹೊರಗ ಬರ್ತೈತಿ. ನಮಗೇನೂ ಮಾಡಂಗಿಲ್ಲ."

ಎಷ್ಟು ಒಳ್ಳೆಯವಳು! ಸಂಬಳ ಬೇಡ, ಸ್ಪ್ರೇ ವಾಸನೆಯಿಲ್ಲ.

"ಅಂದ್ರ ನಮ್ಮನ್ಯಾಗ ಜಿರಳೆ ಅದಾವ ಅಂತಾತು," ಅಂದರು ಅತ್ತೆ.

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಮರುದಿನವೇ ಸವಣೂರಿನ ನಮ್ಮ ಓಣಿಯ ಮಹಿಳಾ ಮಂಡಳದ 'ಸ್ವಚ್ಛ ಅಡುಗೆಮನೆ' ಸ್ಪರ್ಧೆ! (ಹೋದ ವರ್ಷ ಸಿಂಕಿನ ಕೆಳಗಿನ ಬಕೆಟ್‌ನಿಂದಾಗಿ ಎರಡನೇ ಸ್ಥಾನ. ಅತ್ತೆ ಇನ್ನೂ ಮರೆತಿಲ್ಲ.) ಜಡ್ಜ್ ನಮ್ಮ ಅಧ್ಯಕ್ಷೆ ಗಿರಿಜಕ್ಕ. ಜಿರಳೆಯ ಸುಳಿವು ಸಿಕ್ಕರೂ ಔಟ್.

ಈಗ ನೀವೇ ಹೇಳಿ. ಹೊಡೆದರೆ ಮನೆಯ ಕೆಲಸದವಳನ್ನೇ ಹೊಡೆದಂತೆ. ಬಿಟ್ಟರೆ ಬಾವುಟ ಬೀಸಿ ಊರಿಗೆಲ್ಲ ಸಾರುತ್ತಾಳೆ.

ಅತ್ತೆ ಕಸಬರಿಗೆ ಎತ್ತಿದರು. "ಅತ್ತಿ, ಹೊಡಿಬ್ಯಾಡ್ರಿ!" ಅಂದೆ.

"ಹಂಗಾರ ಅದಕ್ಕೂ ಊಟಕ್ಕ ಒಂದ್ ತಾಟು ಹಚ್ಚವ್ವಾ."

ಮರುದಿನ ಗಿರಿಜಕ್ಕ ಸ್ಟೂಲ್ ಹತ್ತಿ ಡಬ್ಬಿಗಳ ನೆತ್ತಿಯ ಮೇಲೆ ಬೆರಳಾಡಿಸುತ್ತಿದ್ದರು. ನಮ್ಮ ನೀಲಿ ಕಣ್ಣಿನಾಕೆ ಆಗಲೇ ಕಟ್ಟೆಯ ಮೇಲೆ ಬಂದು ಕೂರಬೇಕೆ? ತಕ್ಷಣ ಅವಳ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿದೆ.

ಗಿರಿಜಕ್ಕ ಇಳಿದು ಬಂದರು. "ಇದೊಂದ ಯಾಕ ಬೋರಲ ಹಾಕೀರಿ?"

ಎತ್ತಿಯೇ ಬಿಟ್ಟರು. ಅವಳು ನಿಧಾನಕ್ಕೆ ಹೊರಬಂದು ಬಾವುಟ ಬೀಸತೊಡಗಿದಳು. ಅತ್ತೆ ಫ್ಯಾನ್ ನೋಡತೊಡಗಿದರು.

"ಅಯ್ಯ, ಇದಾ?" ಅಂದರು ಗಿರಿಜಕ್ಕ. "ನಮ್ಮ ಅಡಗಿಮನ್ಯಾಗ ಕೈ ಇಟ್ಟಲ್ಲೆಲ್ಲಾ ಇವ ಅದಾವಲ್ರಿ! ಲಕ್ಷಣದ ಹುಳ. ಸ್ವಚ್ಛ ಇದ್ದ ಮನೀಗಷ್ಟ ಬರ್ತಾವ."

ಮೊದಲ ಬಹುಮಾನ ನಮಗೇ!

ಅತ್ತೆ ಬಾಯಿ ತೆರೆದರು. ನಾನು ಖಾರದ ತಿಂಡಿಯ ತಟ್ಟೆ ಅವರ ಮುಂದೆ ಹಿಡಿದೆ. ಸುಳ್ಳು ಹೇಳಬಾರದು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. (ಸುಮ್ಮನಿರಬಾರದು ಅಂತ ಕಲಿಸಿರಲಿಲ್ಲ.)

ಪ್ರಕೃತಿಯಲ್ಲಿ ಕೆಲಸವಿಲ್ಲದ ಕಡೆ ಯಾರೂ ಕೆಲಸಕ್ಕೆ ಬರುವುದಿಲ್ಲ ನೋಡಿ. ನಮ್ಮ ಮನೆಯಲ್ಲಿ ಒಬ್ಬಳಿಗಾಗುವಷ್ಟು ಕೆಲಸವಿದೆ. ಗಿರಿಜಕ್ಕನ ಮನೆಯಲ್ಲಿ?

ಸೋಮವಾರ ಬಹುಮಾನ ಕೊಡುತ್ತಾರೆ. ಊಟ ಗಿರಿಜಕ್ಕನ ಮನೆಯಲ್ಲೇ, ಅವರದೇ ಕೈಯಡುಗೆ.

ನೀವಾಗಿದ್ದರೆ ಏನು ನೆಪ ಹೇಳುತ್ತಿದ್ದಿರಿ?