ಬಣ್ಣದಕ್ಕ ಬಣ್ಣ ಬದಲಿಸಿದ್ದು

ಆ ನಕ್ಷೆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಯಜಮಾನರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಬಣ್ಣದಕ್ಕ. ಯಾರಾದರೂ ಹಾಗೆ ಕರೆದರೆ ಅವಳ ಬೆನ್ನು ಒಂದು ಅಂಗುಲ ನೆಟ್ಟಗಾಗುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಯಿ ಪೆನ್ನಿನಿಂದ ಕೈಯಲ್ಲೇ ನಕ್ಷೆ ಬರೆದವಳು ಅವಳು. ಒಂದು ತೆಳು ಹಾಳೆಯ ಮೇಲೆ ಗೋಡೆ, ಅದರ ಮೇಲೊಂದು ಹಾಳೆ ಹಾಸಿ ನೀರಿನ ಕೊಳವೆ, ಇನ್ನೊಂದರಲ್ಲಿ ಕರೆಂಟಿನ ತಂತಿ. ಕಂಪ್ಯೂಟರ್ ಬಂದಾಗ ಉಳಿದವರ ಮುಖ ಇಂಗು ತಿಂದ ಮಂಗನಂತಾಯಿತು. ಅವಳಿಗೆ ಮಾತ್ರ ಭಯವಾಗಲಿಲ್ಲ. "ಅದೇ ಹಾಳೆಗಳು ಕಣ್ರೀ, ಗಾಜಿನೊಳಗೆ ಹೋಗಿ ಕೂತಿವೆ ಅಷ್ಟೇ. ಈಗ ಲೇಯರ್ ಅಂತಾರೆ" ಅಂದಳು.

ಆದರೆ ಅಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಒಬ್ಬನ ಗೋಡೆ ಗುಲಾಬಿ, ಇನ್ನೊಬ್ಬನದು ಹಸಿರು. ತಂತಿ ಕಾಣದಿರಲಿ ಎಂದು ಒಂದು ಲೇಯರ್ ಮುಚ್ಚಿದರೆ ಮೆಟ್ಟಿಲೂ ಜೊತೆಗೆ ಮಾಯ! ಅವಳು ಹಟ ಹಿಡಿದು ಕೂತು ಒಂದೊಂದಕ್ಕೂ ಲೇಯರ್ ಮಾಡಿದಳು, ಬಣ್ಣ ಗೊತ್ತುಮಾಡಿದಳು: ಗೋಡೆ ಬಿಳಿ, ನೀರು ನೀಲಿ, ಕರೆಂಟು ಕೆಂಪು, ಕರೆಂಟು ಹೋದಾಗ ಹತ್ತಿಕೊಳ್ಳುವ ತುರ್ತು ದೀಪಗಳ ತಂತಿ ಹಸಿರು. "ಒಂದೊಂದು ಗೆರೆಗೂ ಬೇರೆ ಬಣ್ಣ ಹಚ್ಚಬೇಡಿ. ಲೇಯರ್‌ಗೆ ಯಾವ ಬಣ್ಣವೋ ಗೆರೆಗೂ ಅದೇ" ಎಂದು ಎಲ್ಲರಿಗೂ ಕಿವಿ ಹಿಂಡಿ ಕಲಿಸಿದಳು. ಮನೆಯಲ್ಲಿ ಅವಳ ಅತ್ತೆ ಮಾತ್ರ, "ಊರಿನ ಗೋಡೆಗೆಲ್ಲ ಬಣ್ಣ ಹಚ್ತೀಯ, ನಮ್ಮ ಅಡುಗೆಮನೆ ಗೋಡೆ ಯಾವಾಗ ನೋಡ್ತೀಯಮ್ಮಾ?" ಎಂದು ಛೇಡಿಸುತ್ತಿದ್ದರು.

ಹೀಗಿರುವಾಗ ಮಕ್ಕಳ ಆಸ್ಪತ್ರೆಯೊಂದರ ಕೆಲಸ ಬಂತು. ಅದರ ಕರೆಂಟಿನ ನಕ್ಷೆ ನೋಡಿಕೊಳ್ಳಲು ಹೊಸದಾಗಿ ಒಬ್ಬರು ಸೇರಿದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರು, ಹಿಂದೆ ದೊಡ್ಡ ಕಟ್ಟಡಗಳಿಗೆ ತಂತಿ ಎಳೆಸಿದವರು, ಮಿತಭಾಷಿ. ಎಲ್ಲರೂ ಅವರನ್ನು ಕರೆಂಟಣ್ಣ ಎಂದರು. ಇಷ್ಟು ಅನುಭವದ ಮನುಷ್ಯ ತುರ್ತು ದೀಪದ ತಂತಿಯನ್ನು ಮಾಮೂಲಿ ತಂತಿಯ ಲೇಯರ್‌ನಲ್ಲಿ ಎಳೆದುಬಿಟ್ಟರು. ತಿದ್ದಿಸಿದ ಮೇಲೆ ಮತ್ತೆ ಅದೇ ತಪ್ಪು. ಯಜಮಾನರು ಕೆಂಡವಾದರು. "ಆಸ್ಪತ್ರೆ ಇದು, ಹುಡುಗಾಟ ಅಲ್ಲ. ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ತೀನಿ."

ಬಣ್ಣದಕ್ಕನಿಗೂ ಸಿಟ್ಟಿತ್ತು. ತನ್ನ ಬಣ್ಣಗಳಿಗೆ ಯಾರಾದರೂ ಮರ್ಯಾದೆ ಕೊಡದಿದ್ದರೆ ಅವಳಿಗೆ ಮೈಯೆಲ್ಲ ಉರಿ. ನಾಲ್ಕು ಮಾತು ಕೇಳಿಯೇಬಿಡೋಣ ಎಂದು ಅವರ ಕುರ್ಚಿಯ ಹಿಂದೆ ಹೋಗಿ ನಿಂತಳು. ಅವರು ಒಂದೊಂದು ಗೆರೆಯ ಮೇಲೂ ಮೌಸ್ ಇಟ್ಟು, ಲೇಯರ್‌ನ ಹೆಸರು ಮೂಡುವವರೆಗೆ ಕಾದು, ಓದಿ, ಮುಂದಿನ ಗೆರೆಗೆ ಹೋಗುತ್ತಿದ್ದರು. ಕುರುಡರು ಗೋಡೆ ತಡವಿ ನಡೆದ ಹಾಗೆ. ಅವಳು ಪಕ್ಕದ ಕುರ್ಚಿ ಎಳೆದು ಕೂತು, ಕೆಂಪು ಗೆರೆಯೊಂದನ್ನೂ ಹಸಿರು ಗೆರೆಯೊಂದನ್ನೂ ಬೆರಳಿಟ್ಟು ತೋರಿಸಿದಳು.

"ಅಣ್ಣಾ, ಈ ಎರಡು ಗೆರೆ ನಿಮಗೆ ಹೆಂಗೆ ಕಾಣ್ತವೆ?"

ಅವರು ತಿರುಗಿ ನೋಡಿದರು. ಸುತ್ತ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದರು: "ಎರಡೂ ಒಣಗಿದ ಎಲೆ ಥರ ಕಾಣ್ತವಮ್ಮಾ. ಹುಟ್ಟಿದಾಗಿಂದ ಹಿಂಗೇ. ಸೈಟಿನಲ್ಲಿ ತಂತಿಗೆ ಚೀಟಿ ಕಟ್ಟಿ ನಿಭಾಯಿಸ್ತಿದ್ದೆ. ಹೇಳಿದ್ರೆ ಕೆಲಸ ಯಾರು ಕೊಡ್ತಾರೆ?"

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ದಿನ ಮೀಸೆ ಇಲ್ಲದಿದ್ದರೂ ಮೀಸೆ ತಿರುವಿಕೊಂಡು ತಿರುಗಿದ್ದು ಈ ಬಣ್ಣಗಳಿಗಾಗಿಯೇ. ಅದೇ ಬಣ್ಣಗಳು ಕಣ್ಣೆದುರು ಕೂತ ಮನುಷ್ಯನಿಗೆ ಕಾಣುವುದಿಲ್ಲವೆಂದರೆ!

"ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನ ಬಣ್ಣದ್ದು. ಸರಿಮಾಡ್ತೀನಿ" ಅಂದಳು.

ಮರುದಿನ ಅತ್ತೆಯ ದಾರದುಂಡೆಗಳ ಡಬ್ಬಿ ಕಚೇರಿಗೆ ಬಂತು. ಸ್ಕ್ರೀನು ಕಪ್ಪಲ್ಲವೇ, ಅದಕ್ಕೇ ಹರಿದ ಕೊಡೆಯ ಬಟ್ಟೆಯನ್ನೂ ತಂದಿದ್ದಳು. ಊಟದ ಬಿಡುವಿನಲ್ಲಿ ಅದನ್ನು ಮೇಜಿನ ಮೇಲೆ ಹಾಸಿ, ದಾರದ ಎಳೆಗಳನ್ನು ಅಕ್ಕಪಕ್ಕ ಎಳೆದಿಟ್ಟಳು. ಕರೆಂಟಣ್ಣ ಬಗ್ಗಿ ನೋಡಿ ಹೇಳುತ್ತ ಹೋದರು. ನೇರಳೆ, ನೀಲಿ ಒಂದೇ. ಕಿತ್ತಳೆ, ಗಿಳಿಹಸಿರು ಒಂದೇ. ಹಳದಿ ಬಂದಾಗ ಮಾತ್ರ ಅವರ ಮುಖ ಅರಳಿತು. "ಇದು ದೀಪ ಹಚ್ಚಿಟ್ಟ ಹಾಗೆ ಕಾಣುತ್ತೆ."

ಹಳದಿ ಮಾಮೂಲಿ ತಂತಿಗಾಯಿತು. ಗೋಡೆಗಳನ್ನು ಬೂದು ಬಣ್ಣಕ್ಕಿಳಿಸಿ, ಅವುಗಳ ಬಿಳಿಯನ್ನು ತುರ್ತು ದೀಪದ ತಂತಿಗೆ ಕೊಟ್ಟಳು. ಸಾಲದ್ದಕ್ಕೆ ಆ ತಂತಿಯನ್ನು ತುಂಡುಗೆರೆಯನ್ನಾಗಿ ಮಾಡಿದಳು. ಬಣ್ಣ ಕೈಕೊಟ್ಟರೂ ಗೆರೆ ಕೈಬಿಡಬಾರದು. ಲೇಯರ್‌ಗೆ ಬಣ್ಣ ಬದಲಿಸಿದ್ದೇ ತಡ, ಅದರ ಗೆರೆಗಳೆಲ್ಲ ಒಟ್ಟಿಗೆ ಬದಲಾದವು. ಅಲ್ಲಲ್ಲಿ ಕೆಲವು ಮೊಂಡು ಗೆರೆಗಳು ಮಾತ್ರ ಕೆಂಪಾಗೇ ಉಳಿದವು, ಅವಳ ಮಾತು ಕೇಳದವರು ಕೈಯಾರೆ ಬಣ್ಣ ಹಚ್ಚಿದ ಗೆರೆಗಳವು. ಅವರನ್ನು ಬೈಯುತ್ತಲೇ ಒಂದೊಂದಾಗಿ ಹೆಕ್ಕಿ ತಿದ್ದಿದಳು.

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಯಜಮಾನರ ಕೂಗು ಕೇಳಿಸಿತು. ಸ್ಕ್ರೀನಿನ ಬಿಳಿ ಗೆರೆ ಕಾಗದದ ಮೇಲೆ ಕಪ್ಪಾಗಿ ಮೂಡುತ್ತಿತ್ತು. ಮುದ್ರಣ ಯಂತ್ರದಿಂದ ಹೊರಬಂದ ಹಾಳೆಯಲ್ಲಿ ಗೋಡೆಗಳು ಕೂದಲೆಳೆಯಷ್ಟು, ತುರ್ತು ತಂತಿಗಳು ಹಗ್ಗದಷ್ಟು ದಪ್ಪ. ಯಾವ ಬಣ್ಣಕ್ಕೆ ಎಷ್ಟು ದಪ್ಪದ ಗೆರೆ ಎಂದು ಆ ಯಂತ್ರಕ್ಕೆ ಕಲಿಸಿದ್ದು ಅವಳೇ. ಬಣ್ಣ ಬದಲಿಸುವ ಅವಸರದಲ್ಲಿ ಅದನ್ನೇ ಮರೆತಿದ್ದಳು.

"ಯಾರ್ರೀ ನಿಮಗೆ ಬಣ್ಣ ಬದಲಿಸೋಕೆ ಹೇಳಿದ್ದು?"

"ಯಾರೂ ಹೇಳಿಲ್ಲ ಸಾರ್. ನಾನೇ ಬದಲಿಸಿದೆ. ಗೆರೆ ದಪ್ಪ ಮರೆತಿದ್ದು ನನ್ನ ತಪ್ಪು, ಈಗಲೇ ಸರಿಮಾಡ್ತೀನಿ. ಬಣ್ಣ ಮಾತ್ರ ಹಳೇದಕ್ಕೆ ಹೋಗಲ್ಲ."

"ಯಾಕೆ ಹೋಗಲ್ಲ?"

ಅದು ಅವಳು ಹೇಳುವ ಮಾತಾಗಿರಲಿಲ್ಲ. ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕರೆಂಟಣ್ಣ ಎದ್ದು ನಿಂತಿದ್ದರು.

"ನನ್ನಿಂದ ಸಾರ್. ನನಗೆ ಕೆಂಪು ಹಸಿರು ಗೊತ್ತಾಗಲ್ಲ" ಎಂದು ಎಲ್ಲರೆದುರೇ ಹೇಳಿದರು.

ಯಜಮಾನರು ಒಮ್ಮೆ ಅವರನ್ನು, ಒಮ್ಮೆ ಹಾಳೆಯನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. "ಮೊದಲೇ ಹೇಳಬಾರದಿತ್ತೇನ್ರೀ..." ಎಂದು ಗೊಣಗಿ, "ದಪ್ಪ ಸರಿಮಾಡಿ ಇನ್ನೊಂದು ಪ್ರತಿ ತೆಗೀರಿ" ಎಂದು ಒಳಗೆ ಹೋದರು.

ಆಮೇಲೆ ಕರೆಂಟಣ್ಣನ ಕೈ ಓಡಿದ ಓಟವೇ ಬೇರೆ. ಆಸ್ಪತ್ರೆ ಕಟ್ಟುವ ಜಾಗದಿಂದ ಮೇಸ್ತ್ರಿ ಫೋನು ಮಾಡಿದ. ಅಲ್ಲಿನ ಕೆಲಸಗಾರರಿಗೆ ಸಿಗುತ್ತಿದ್ದದ್ದು ಕಪ್ಪುಬಿಳುಪು ಜೆರಾಕ್ಸ್ ಪ್ರತಿ. "ಈ ಸಲ ತುಂಡುಗೆರೆ ಹಾಕಿದ್ದು ಯಾರು? ಇದೇ ಮೊದಲ ಸಲ, ಯಾವ ತಂತಿ ಯಾವುದು ಅಂತ ಕೇಳದೆ ಕೆಲಸ ನಡೀತಿದೆ" ಅಂದ. ಆ ವಾರವೇ ಯಜಮಾನರು ಕಚೇರಿಯ ಎಲ್ಲ ನಕ್ಷೆಗಳಿಗೂ ಈ ಬಣ್ಣಗಳೇ ಎಂದು ಸಾರಿದರು.

ಕಟ್ಟಡ ಮುಗಿದ ಮೇಲೆ ತುರ್ತು ದೀಪಗಳ ಪರೀಕ್ಷೆಗೆ ಇಬ್ಬರೂ ಹೋದರು. ಕೋಣೆಗಳ ನಡುವೆ ಕಿಟಕಿಗಳಿಲ್ಲದ ಉದ್ದನೆಯ ಓಣಿ. ಯಾರೋ ದೊಡ್ಡ ಸ್ವಿಚ್ ಎಳೆದರು, ಗವ್ವೆನ್ನುವ ಕತ್ತಲೆ. ಉಸಿರು ಬಿಡುವಷ್ಟರಲ್ಲಿ ಓಣಿಯುದ್ದಕ್ಕೂ ದೀಪಗಳು ಹತ್ತಿಕೊಂಡವು, ಒಂದೂ ತಪ್ಪಲಿಲ್ಲ. ಕರೆಂಟಣ್ಣ ತಲೆಯೆತ್ತಿ ಒಂದೊಂದನ್ನೂ ನೋಡುತ್ತ ನಡೆದರು.

"ಚೆನ್ನಾಗಿ ಬಂದಿದೆ ಅಲ್ವಾ ಅಣ್ಣಾ?"

"ಚೆನ್ನಾಗಿ ಅಂದ್ರೆ? ಭೇಷಾಗಿ ಬಂದಿದೆ!" ಅಂದರು ಅವರು. ಆ ಮಿತಭಾಷಿಯ ದನಿ ಓಣಿಯ ಆ ತುದಿಗೂ ಕೇಳಿಸಿತು.